ಚಂಚಲ ನಕ್ಷತ್ರಗಳನ್ನು ವರ್ಗೀಕರಿಸುವುದು ಹೇಗೆ? ನಾಗರಿಕ ವಿಜ್ಞಾನದ ಸ್ವಯಂಸೇವಕರಿಗೊಂದು ಸಮಗ್ರ ಮಾರ್ಗದರ್ಶಿ

ಝೂನಿವರ್ಸ್ ಎಂಬ ನಾಗರಿಕ ವಿಜ್ಞಾನದ ಜಾಲತಾಣದಲ್ಲಿ 2021ರಲ್ಲಿ ಆರಂಭವಾದ ‘ಸಿಟಿಜನ್ ಅಸಾಸ್-ಎಸ್‌ಎನ್’ ಯೋಜನೆಯು, ಅಸಾಸ್-ಎಸ್‌ಎನ್ ಎಂಬ ಸ್ವಯಂಚಾಲಿತ ಆಕಾಶ ಸಮೀಕ್ಷೆಯ ದತ್ತಾಂಶ ಬಳಸಿ, ದಕ್ಷಿಣ ಆಕಾಶದ ಸುಮಾರು 74 ಲಕ್ಷ ನಕ್ಷತ್ರಗಳಿಂದ ಗಣಕಯಂತ್ರ ಸೋಸಿ ತೆಗೆದ 40,640 ನಕ್ಷತ್ರಗಳನ್ನು ಸಾಮಾನ್ಯ ಜನರ ಮುಂದಿಟ್ಟಿತು. ಅವರಿಗೆ ಖಗೋಳವಿಜ್ಞಾನದ ಪದವಿ ಇರಬೇಕೆಂಬ ನಿಯಮವಿರಲಿಲ್ಲ, ದೂರದರ್ಶಕವೂ ಬೇಕಿರಲಿಲ್ಲ. ಆದರೂ ಅವರು 10,420 ಹೊಸ ಚಂಚಲ ನಕ್ಷತ್ರಗಳನ್ನು, ಅಂದರೆ ಬೆಳಕು ಏರಿಳಿಯುವ ನಕ್ಷತ್ರಗಳನ್ನು, ಗುರುತಿಸಿದರು: 4,234 ಮಿಡಿಯುವ ನಕ್ಷತ್ರಗಳು, 3,132 ತಿರುಗುವಿಕೆಯಿಂದ ಬೆಳಕು ಬದಲಾಗುವ ನಕ್ಷತ್ರಗಳು, 2,923 ಗ್ರಹಣಕಾರಿ ಜೋಡಿಗಳು, ಯಾವ ಗುಂಪಿಗೂ ಸೇರದ 131 ನಕ್ಷತ್ರಗಳು. ನನ್ನ ದೃಷ್ಟಿಯಲ್ಲಿ ಇದಕ್ಕಿಂತಲೂ ಮುಖ್ಯವಾದ ಫಲಿತಾಂಶ ಇನ್ನೊಂದಿದೆ. ಸ್ವಯಂಸೇವಕರು ‘ಜಂಕ್’ ಎಂದು, ಅಂದರೆ ಇದು ನಿಜವಾದ ಏರಿಳಿತವಲ್ಲ ಎಂದು, ಬದಿಗಿಟ್ಟ ಬೆಳಕಿನ ನಕ್ಷೆಗಳನ್ನೇ ಪಾಠವಾಗಿ ಬಳಸಿ, ನಿಜವನ್ನೂ ಹುಸಿಯನ್ನೂ ಬೇರ್ಪಡಿಸುವ ಯಂತ್ರಕಲಿಕೆಯ ವಿಧಾನವೊಂದನ್ನು ವಿಜ್ಞಾನಿಗಳು ರೂಪಿಸಿದರು. ಪ್ರಾಮಾಣಿಕವಾಗಿ ‘ಇಲ್ಲ’ ಎಂದು ಹೇಳಿದ ಪ್ರತಿಯೊಂದು ಉತ್ತರವೂ ಅಲ್ಲಿ ಕೆಲಸಕ್ಕೆ ಬಂದಿತು. ಈ ಮಾರ್ಗದರ್ಶಿಯನ್ನು ಓದುವಾಗ ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಮೊದಲ ಹಂತ: ನಿಮ್ಮ ಮುಂದಿರುವ ಚಿತ್ರ ಏನೆಂದು ತಿಳಿಯುವುದು

ಕಾಲಕಾಲಕ್ಕೆ ಬೆಳಕಿನಲ್ಲಿ ಹೆಚ್ಚುಕಡಿಮೆಯಾಗುವ ನಕ್ಷತ್ರವೇ ಚಂಚಲ ನಕ್ಷತ್ರ. ಆ ಬದಲಾವಣೆಯನ್ನು ಕಾಲಕ್ಕೆ ಎದುರಾಗಿ ಗುರುತಿಸಿದ ನಕ್ಷೆಗೆ ಕಾಂತಿರೇಖೆ ಅಥವಾ ಲೈಟ್ ಕರ್ವ್ ಎನ್ನುತ್ತಾರೆ. ವರ್ಗೀಕರಣದ ಯೋಜನೆಗಳಲ್ಲಿ ನಿಮಗೆ ನಕ್ಷತ್ರದ ಛಾಯಾಚಿತ್ರ ಕಾಣಿಸುವುದಿಲ್ಲ, ಈ ರೇಖೆ ಕಾಣಿಸುತ್ತದೆ. ಅದೂ ಬಹುತೇಕ ‘ಮಡಿಸಿದ’ ರೂಪದಲ್ಲಿ. ಮಡಿಸುವುದು ಎಂದರೇನೆಂದು ತಿಳಿಯದೆ ಕೆಲಸ ಆರಂಭಿಸಿದವರು ಮುಂದೆ ಮಾಡುವ ತಪ್ಪುಗಳಲ್ಲಿ ಅರ್ಧದಷ್ಟು ಇಲ್ಲಿಂದಲೇ ಹುಟ್ಟುತ್ತವೆಂದು ನನಗನ್ನಿಸುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ಪಾರ್ಥ ಅಥವಾ ಪರ್ಸಿಯಸ್ ರಾಶಿಯ ಆಲ್ಗಾಲ್ ನಕ್ಷತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಅದು 2.867 ದಿನಗಳಿಗೊಮ್ಮೆ ಮಂಕಾಗುತ್ತದೆ. ಆ ಕೆಲವು ಗಂಟೆಗಳ ಮಂಕನ್ನು ಒಂದೇ ರಾತ್ರಿಯಲ್ಲಿ ಆದಿಯಿಂದ ಅಂತ್ಯದವರೆಗೆ ಹಿಡಿಯುವುದು ಯಾವಾಗಲೂ ಸಾಧ್ಯವಾಗುವುದಿಲ್ಲ: ಹಗಲಾಗುತ್ತದೆ, ಮೋಡ ಕವಿಯುತ್ತದೆ, ನಕ್ಷತ್ರ ಮುಳುಗುತ್ತದೆ. ಹೀಗಾಗಿ ಹಲವು ತಿಂಗಳುಗಳಲ್ಲಿ ಬಿಡಿಬಿಡಿಯಾಗಿ ಸಿಕ್ಕ ಅಳತೆಗಳನ್ನೆಲ್ಲ ಒಂದೇ ಆವರ್ತದ ಮೇಲೆ ಹೇರುತ್ತಾರೆ. ಒಂದು ಗ್ರಹಣದ ನಡುಗಾಲದಿಂದ ಸರಿಯಾಗಿ 10 ದಿನಗಳ ನಂತರ ತೆಗೆದ ಅಳತೆಯೊಂದಿದೆ ಎನ್ನಿ. 10ನ್ನು 2.867ರಿಂದ ಭಾಗಿಸಿದರೆ 3.488 ಬರುತ್ತದೆ. ಪೂರ್ಣಾಂಕವಾದ 3 ಅಂದರೆ ಅಷ್ಟರಲ್ಲಿ ಮೂರು ಸುತ್ತು ಮುಗಿದಿವೆ ಎಂದರ್ಥ. ಅದನ್ನು ಬಿಟ್ಟರೆ ಉಳಿಯುವ 0.488 ಎಂಬುದು ನಾಲ್ಕನೆಯ ಸುತ್ತಿನಲ್ಲಿ ನಕ್ಷತ್ರ ಎಲ್ಲಿದೆ ಎಂಬುದನ್ನು ಹೇಳುತ್ತದೆ. ಇದಕ್ಕೆ ಪ್ರಾವಸ್ಥೆ ಅಥವಾ ಫೇಸ್ ಎಂದು ಹೆಸರು. ಪ್ರತಿಯೊಂದು ಅಳತೆಗೂ ಹೀಗೆ ಲೆಕ್ಕ ಹಾಕಿ 0 ಮತ್ತು 1ರ ನಡುವೆ ಇಟ್ಟರೆ, ಚದುರಿದ್ದ ಚುಕ್ಕೆಗಳು ಒಟ್ಟುಗೂಡಿ ಒಂದು ಆಕಾರ ತಳೆಯುತ್ತವೆ. ಅನೇಕ ಯೋಜನೆಗಳು ಕಣ್ಣಿಗೆ ಅನುಕೂಲವಾಗಲೆಂದು ಅದೇ ಸುತ್ತನ್ನು ಎರಡು ಬಾರಿ ಪಕ್ಕಪಕ್ಕದಲ್ಲಿ ಮುದ್ರಿಸುತ್ತವೆ. ಅಂಥಲ್ಲಿ ಎರಡನೆಯ ಅರ್ಧವು ಮೊದಲನೆಯದರ ನಕಲಷ್ಟೇ. ಅದನ್ನು ಹೊಸ ಸಾಕ್ಷ್ಯವೆಂದು ಎಣಿಸಬಾರದು.

ಇಲ್ಲಿ ಗಮನಿಸಬೇಕಾದುದು ಇಷ್ಟು: ಮಡಿಸುವುದಕ್ಕೆ ಬಳಸಿದ ಆವರ್ತಕಾಲವನ್ನು, ಅಂದರೆ ಒಂದು ಸುತ್ತಿಗೆ ಹಿಡಿಯುವ ಕಾಲವನ್ನು, ಗಣಕಯಂತ್ರ ಊಹಿಸಿರುತ್ತದೆ. ಆ ಊಹೆ ತಪ್ಪಿದ್ದರೆ ಚಿತ್ರವೂ ತಪ್ಪಾಗಿರುತ್ತದೆ. ನಿಮಗೆ ತೋರಿಸುತ್ತಿರುವುದು ಯಂತ್ರದ ಒಂದು ಪ್ರಸ್ತಾವ. ಅದನ್ನು ಒಪ್ಪಬೇಕೋ ಬಿಡಬೇಕೋ ಎಂಬ ತೀರ್ಪು ನಿಮ್ಮದು.

ಲಂಬ ಅಕ್ಷದ ಬಗ್ಗೆಯೂ ಒಂದು ಮಾತು. ಕೆಲವು ಯೋಜನೆಗಳು ಬೆಳಕಿನ ಪ್ರಮಾಣವನ್ನೇ ನೇರವಾಗಿ ಕೊಡುತ್ತವೆ, ಕೆಲವು ಕಾಂತಿಮಾನ ಅಥವಾ ಮ್ಯಾಗ್ನಿಟ್ಯೂಡ್ ಎಂಬ ಅಳತೆಯಲ್ಲಿ ಕೊಡುತ್ತವೆ. ಕಾಂತಿಮಾನದ ಅಂಕಿ ಚಿಕ್ಕದಾದಷ್ಟೂ ನಕ್ಷತ್ರ ಹೆಚ್ಚು ಪ್ರಕಾಶಮಾನವಾಗಿರುವುದರಿಂದ ಅಲ್ಲಿ ಅಕ್ಷವನ್ನು ತಲೆಕೆಳಗಾಗಿಸಿರುತ್ತಾರೆ. 5 ಕಾಂತಿಮಾನಗಳ ಅಂತರವೆಂದರೆ ಬೆಳಕಿನಲ್ಲಿ 100 ಪಟ್ಟು ವ್ಯತ್ಯಾಸ, 0.1ರ ಅಂತರವೆಂದರೆ ಸುಮಾರು ಶೇಕಡ 10. ಅಕ್ಷದ ಅಂಕಿಗಳನ್ನು ನೋಡದೆ ಆಕಾರವನ್ನಷ್ಟೇ ನೋಡಿದರೆ, ಶೇಕಡ 2ರಷ್ಟು ಕಂಪಿಸುವ ನಕ್ಷತ್ರವೂ ಎರಡು ಪಟ್ಟು ಬೆಳಗುವ ನಕ್ಷತ್ರವೂ ಒಂದೇ ಎತ್ತರವಾಗಿ ಕಾಣುತ್ತವೆ, ಏಕೆಂದರೆ ಪ್ರತಿಯೊಂದು ನಕ್ಷೆಯನ್ನೂ ಚೌಕಟ್ಟು ತುಂಬುವಂತೆ ಹಿಗ್ಗಿಸಿರುತ್ತಾರೆ.

ಎರಡನೆಯ ಹಂತ: ಆಕಾರಗಳನ್ನು ಕಾರಣಗಳೊಂದಿಗೆ ಕಲಿಯುವುದು

ಆಕಾರಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಅವು ಹಾಗೇಕೆ ಇವೆ ಎಂದು ತಿಳಿದುಕೊಂಡರೆ ಹೆಚ್ಚು ಕಾಲ ನೆನಪಿರುತ್ತವೆ.

ಗ್ರಹಣಕಾರಿ ಜೋಡಿಯಲ್ಲಿ ಎರಡು ನಕ್ಷತ್ರಗಳು ಪರಸ್ಪರ ಸುತ್ತುತ್ತಾ, ನಮ್ಮ ದೃಷ್ಟಿರೇಖೆಗೆ ಅಡ್ಡವಾಗಿ ಒಂದನ್ನೊಂದು ಮರೆಮಾಡುತ್ತವೆ. ಆಲ್ಗಾಲ್ ಮಂಕಾಗುವುದಕ್ಕೆ ಇಂಥದೊಂದು ಕಾರಣವಿರಬಹುದೆಂದು 1783ರಲ್ಲಿ ಸೂಚಿಸಿದವನು ಜಾನ್ ಗುಡ್ರಿಕ್ ಎಂಬ ಕಿವಿ ಕೇಳದ ತರುಣ. ನಕ್ಷತ್ರಗಳೆರಡೂ ದೂರ ದೂರವಿದ್ದು ದುಂಡಗಿದ್ದರೆ, ಗ್ರಹಣಗಳ ನಡುವಿನ ರೇಖೆ ಬಹುತೇಕ ಸಮತಟ್ಟಾಗಿರುತ್ತದೆ. ಗ್ರಹಣ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ತೋರಿಸಬಹುದು. ಇದು ‘ಇಎ’ ಬಗೆ. ನಕ್ಷತ್ರಗಳು ಹತ್ತಿರವಿದ್ದು ಪರಸ್ಪರ ಗುರುತ್ವದಿಂದ ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ, ಅವು ತಿರುಗುವಾಗ ನಮಗೆ ಕಾಣುವ ಮೇಲ್ಮೈಯ ವಿಸ್ತೀರ್ಣ ಸತತವಾಗಿ ಬದಲಾಗುವುದರಿಂದ ಸಮತಟ್ಟಾದ ಭಾಗವೇ ಉಳಿಯುವುದಿಲ್ಲ. ಅಂಥ ರೇಖೆಯಲ್ಲಿ ಎರಡು ತಗ್ಗುಗಳ ಆಳ ಸ್ಪಷ್ಟವಾಗಿ ಬೇರೆಯಾಗಿದ್ದರೆ ‘ಇಬಿ’. ಇದರ ಮಾದರಿ 12.9 ದಿನಗಳ ಆವರ್ತಕಾಲದ ಬೀಟಾ ಲೈರೇ. ನಕ್ಷತ್ರಗಳು ಒಂದನ್ನೊಂದು ಮುಟ್ಟಿಕೊಂಡು ಹೊರಪದರವನ್ನು ಹಂಚಿಕೊಂಡಿದ್ದರೆ ಎರಡರ ಉಷ್ಣತೆಯೂ ಹೆಚ್ಚುಕಡಿಮೆ ಸಮವಾಗಿ, ತಗ್ಗುಗಳೆರಡೂ ಸಮಾನ ಆಳಕ್ಕೆ ಬರುತ್ತವೆ. ಇದು ‘ಇಡಬ್ಲ್ಯೂ’. ಇದರ ಮಾದರಿ ಡಬ್ಲ್ಯೂ ಅರ್ಸೆ ಮೇಜರಿಸ್. ಅದರ ಒಂದು ಸುತ್ತು 8 ಗಂಟೆಗಳಲ್ಲಿ ಮುಗಿಯುತ್ತದೆ.

ಮಿಡಿಯುವ ನಕ್ಷತ್ರದಲ್ಲಿ ಬದಲಾವಣೆ ಒಳಗಿನಿಂದ ಬರುತ್ತದೆ. ಹೊರಪದರದ ಅಯಾನೀಕೃತ ಹೀಲಿಯಂ ಶಾಖವನ್ನು ತಡೆಹಿಡಿಯುತ್ತದೆ, ನಕ್ಷತ್ರ ಉಬ್ಬುತ್ತದೆ, ತಡೆ ಸಡಿಲವಾಗುತ್ತದೆ, ನಕ್ಷತ್ರ ಮತ್ತೆ ಕುಗ್ಗುತ್ತದೆ. ಈ ಮಿಡಿತದ ಗುರುತು ಗರಗಸದ ಹಲ್ಲಿನಂಥ ಆಕಾರ: ಕಡಿದಾದ ಏರು, ನಿಧಾನವಾದ ಇಳಿತ. ಆರ್‌ಆರ್ ಲೈರೇ ಬಗೆಯ ನಕ್ಷತ್ರಗಳು ಒಂದು ದಿನದೊಳಗೇ ಒಂದು ಮಿಡಿತ ಮುಗಿಸುತ್ತವೆ. ಆ ಹೆಸರಿನ ಮೂಲ ನಕ್ಷತ್ರಕ್ಕೆ 0.567 ದಿನ ಸಾಕು. ಡೆಲ್ಟಾ ಸ್ಕೂಟಿ ಬಗೆಯವು ಇನ್ನೂ ಚುರುಕು, ಸುಮಾರು 0.3 ದಿನಕ್ಕಿಂತ ಕಡಿಮೆ. ಸೆಫೀಡ್‌ಗಳು ಕೆಲವು ದಿನಗಳಿಂದ ಹಲವು ವಾರಗಳವರೆಗೆ ತೆಗೆದುಕೊಳ್ಳುತ್ತವೆ. ಅವುಗಳ ಆವರ್ತಕಾಲಕ್ಕೂ ನಿಜವಾದ ಪ್ರಕಾಶಕ್ಕೂ ನಂಟಿದೆ ಎಂದು ಹೆನ್ರಿಯೆಟಾ ಲೆವಿಟ್ 1912ರಲ್ಲಿ ತೋರಿಸಿಕೊಟ್ಟ ಮೇಲೆಯೇ ಗೆಲಾಕ್ಸಿಗಳ ದೂರವನ್ನು ಅಳೆಯುವ ದಾರಿ ತೆರೆಯಿತು. ಮೀರಾ ಬಗೆಯ ಕೆಂಪು ದೈತ್ಯಗಳು ನೂರಾರು ದಿನಗಳಲ್ಲಿ 2.5 ಕಾಂತಿಮಾನಕ್ಕಿಂತಲೂ ಹೆಚ್ಚು ಏರಿಳಿಯುತ್ತವೆ. 1596ರಲ್ಲಿ ಡೇವಿಡ್ ಫ್ಯಾಬ್ರಿಸಿಯಸ್ ಗಮನಿಸಿದ ಮೀರಾದ ಆವರ್ತಕಾಲ ಸುಮಾರು 332 ದಿನ.

ತಿರುಗುವ ನಕ್ಷತ್ರ ಎಂದು ಯೋಜನೆಗಳು ಹೇಳುವುದು ಮೈಮೇಲೆ ಕಲೆಗಳಿರುವ ನಕ್ಷತ್ರವನ್ನು. ನಮ್ಮ ಸೂರ್ಯನ ಕಲೆಗಳಂಥವೇ, ಆದರೆ ಅನೇಕ ಪಟ್ಟು ದೊಡ್ಡವು. ಕಲೆಯುಳ್ಳ ಮುಖ ನಮ್ಮ ಕಡೆ ಬಂದಾಗ ಬೆಳಕು ತುಸು ತಗ್ಗುತ್ತದೆ, ಹಿಂದೆ ಸರಿದಾಗ ಏರುತ್ತದೆ. ರೇಖೆ ಮೃದುವಾದ ಅಲೆಯಂತಿರುತ್ತದೆ.

ಮೂರನೆಯ ಹಂತ: ಯೋಜನೆಯನ್ನು ಆರಿಸಿ ಸಿದ್ಧರಾಗುವುದು

ಗೆಲಾಕ್ಸಿಗಳ ವರ್ಗೀಕರಣಕ್ಕಾಗಿ 2007ರಲ್ಲಿ ಆರಂಭವಾದ ‘ಗೆಲಾಕ್ಸಿ ಝೂ’ವಿನಿಂದ ಬೆಳೆದು ಬಂದ ಝೂನಿವರ್ಸ್ ಇಂದು ಇಂಥ ಕೆಲಸಗಳ ಮುಖ್ಯ ನೆಲೆ. ಅಲ್ಲಿ ಹೆಸರಾದ ಯೋಜನೆಗಳಲ್ಲಿ ‘ಸೂಪರ್‌ವಾಸ್ಪ್ ವೇರಿಯಬಲ್ ಸ್ಟಾರ್ಸ್’ ಒಂದು. ಕ್ಯಾನರಿ ದ್ವೀಪಗಳ ಲಾ ಪಾಲ್ಮಾ ಮತ್ತು ದಕ್ಷಿಣ ಆಫ್ರಿಕಾದ ಸದರ್‌ಲ್ಯಾಂಡ್ ಎಂಬೆರಡು ಕಡೆ, ತಲಾ 8 ಕ್ಯಾಮೆರಾಗಳನ್ನು ಹೊತ್ತ ಸ್ವಯಂಚಾಲಿತ ಉಪಕರಣಗಳು ಹೊರಗ್ರಹಗಳನ್ನು ಹುಡುಕುತ್ತ ಸಂಗ್ರಹಿಸಿದ ದತ್ತಾಂಶವನ್ನು ಅದು ಬಳಸಿತು. ಅದರ ಮೊದಲ ಫಲಿತಾಂಶಗಳು ಪ್ರಕಟವಾಗುವ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ವರ್ಗೀಕರಣಗಳು ಸೇರಿದ್ದವು. ಯುರೋಪಿನ ಗಾಯಾ ವ್ಯೋಮ ದೂರದರ್ಶಕದ ದತ್ತಾಂಶವನ್ನು ಆಧರಿಸಿದ ‘ಗಾಯಾವೇರಿ’ ಇನ್ನೊಂದು. ಯೋಜನೆಗಳು ತೆರೆಯುತ್ತವೆ, ದತ್ತಾಂಶ ಮುಗಿದಾಗ ಮುಚ್ಚುತ್ತವೆ, ಹೊಸ ದತ್ತಾಂಶ ಬಂದಾಗ ಮತ್ತೆ ತೆರೆಯುತ್ತವೆ. ಹೀಗಾಗಿ ಖಗೋಳ ವಿಭಾಗದ ಪಟ್ಟಿಯಲ್ಲಿ ಸದ್ಯ ಸಕ್ರಿಯವಾಗಿರುವುದನ್ನು ನೋಡಿಕೊಂಡೇ ಆರಿಸಿಕೊಳ್ಳಿ.

ಖಾತೆ ತೆರೆಯದೆಯೂ ವರ್ಗೀಕರಿಸಬಹುದು. ಆದರೆ ಖಾತೆಯಿದ್ದರೆ ನಿಮ್ಮ ಉತ್ತರಗಳೆಲ್ಲ ಒಬ್ಬರದೇ ಎಂದು ವಿಜ್ಞಾನಿಗಳಿಗೆ ತಿಳಿಯುತ್ತದೆ. ಹೆಚ್ಚು ಕೆಲಸ ಮಾಡಿದವರ ನಿಖರತೆಯೂ ಹೆಚ್ಚಿರುವುದು ಸಿಟಿಜನ್ ಅಸಾಸ್-ಎಸ್‌ಎನ್‌ನಲ್ಲಿ ಕಂಡುಬಂದಿದೆ, ಅನುಭವದ ಈ ಮೌಲ್ಯ ಲೆಕ್ಕಕ್ಕೆ ಸಿಗಬೇಕಾದರೆ ಖಾತೆ ಬೇಕು. ಬೋಧನಾ ಪುಟಗಳನ್ನು ಪೂರ್ತಿ ಓದಿ. ಮಾದರಿ ಚಿತ್ರಗಳಿರುವ ಕೈಪಿಡಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಮೊಬೈಲ್ ಪರದೆಯಲ್ಲಿ ಸಣ್ಣ ಎರಡನೆಯ ತಗ್ಗು ಕಣ್ಣಿಗೆ ಬೀಳದೆ ಹೋಗಬಹುದಾದ್ದರಿಂದ ದೊಡ್ಡ ಪರದೆಯೇ ವಾಸಿ.

ನಾಲ್ಕನೆಯ ಹಂತ: ಒಂದು ರೇಖೆಯನ್ನು ಓದುವ ಕ್ರಮ

ಪರದೆಯ ಮೇಲೆ ಹೊಸ ರೇಖೆ ಬಂದೊಡನೆ ‘ಇದು ಯಾವ ಬಗೆ’ ಎಂದು ಕೇಳಿಕೊಳ್ಳಬೇಡಿ. ಮೊದಲು ‘ಇಲ್ಲಿ ಆಕಾರವೆಂಬುದು ಇದೆಯೇ’ ಎಂದು ಕೇಳಿಕೊಳ್ಳಿ. ಚುಕ್ಕೆಗಳ ಪಟ್ಟಿಯ ದಪ್ಪವನ್ನೂ ಆ ಪಟ್ಟಿ ಒಟ್ಟಾರೆ ಏರಿಳಿಯುವ ಎತ್ತರವನ್ನೂ ಹೋಲಿಸಿ ನೋಡಿ. ದಪ್ಪಕ್ಕಿಂತ ಏರಿಳಿತ ಎದ್ದು ಕಂಡರೆ ಆಕಾರವಿದೆ. ಪಟ್ಟಿಯ ದಪ್ಪದೊಳಗೇ ಏರಿಳಿತ ಮುಳುಗಿಹೋಗಿದ್ದರೆ, ನಿಮ್ಮ ಕಣ್ಣು ಅಲೆಯನ್ನು ಕಾಣುತ್ತಿಲ್ಲ, ಕಾಣಬಯಸುತ್ತಿದೆ.

ಆಕಾರವಿದೆ ಎಂದಾದ ಮೇಲೆ ತಗ್ಗುಗಳನ್ನು ಎಣಿಸಿ. ಒಂದು ಸುತ್ತಿನಲ್ಲಿ ಎರಡು ತಗ್ಗುಗಳಿದ್ದರೆ ಜೋಡಿ ನಕ್ಷತ್ರದ ಸಾಧ್ಯತೆ ಮುಂದೆ ಬರುತ್ತದೆ. ಅವುಗಳ ಆಳ, ಅವುಗಳ ನಡುವಿನ ಭಾಗ ಸಮತಟ್ಟಾಗಿದೆಯೋ ಬಾಗಿದೆಯೋ ಎಂಬುದನ್ನು ನೋಡಿದರೆ ಇಎ, ಇಬಿ, ಇಡಬ್ಲ್ಯೂಗಳ ನಡುವೆ ತೀರ್ಮಾನಿಸಬಹುದು. ಒಂದೇ ತಗ್ಗು ಇದ್ದು, ಎಡಬಲ ಸಮವಾಗಿಲ್ಲದಿದ್ದರೆ ಮಿಡಿತವನ್ನು ಶಂಕಿಸಿ. ಒಂದೇ ತಗ್ಗು ಇದ್ದು ಎಡಬಲಗಳೂ ಸಮವಾಗಿದ್ದರೆ ಅಲ್ಲಿಂದ ನಿಜವಾದ ಕಷ್ಟ ಆರಂಭವಾಗುತ್ತದೆ, ಏಕೆಂದರೆ ಅಂಥ ರೇಖೆಯನ್ನು ಮೂರು ಬೇರೆ ಬೇರೆ ಸಂಗತಿಗಳು ಉಂಟುಮಾಡಬಲ್ಲವು.

ಮೊದಲನೆಯದು, ಅರ್ಧ ಆವರ್ತಕಾಲಕ್ಕೆ ಮಡಿಸಿದ ಜೋಡಿ ನಕ್ಷತ್ರ. ಆವರ್ತಕಾಲವನ್ನು ಹುಡುಕಲು ಸಾಮಾನ್ಯವಾಗಿ ಬಳಸುವ ಲಾಂಬ್-ಸ್ಕಾರ್ಗಲ್ ವಿಧಾನವು ದತ್ತಾಂಶದ ಮೇಲೆ ಸರಳ ಅಲೆಯೊಂದನ್ನು ಹೊಂದಿಸಿ ನೋಡುತ್ತದೆ. ಇಡಬ್ಲ್ಯೂ ಜೋಡಿಯ ಎರಡು ತಗ್ಗುಗಳೂ ಒಂದೇ ತೆರನಾಗಿರುವುದರಿಂದ ಆ ವಿಧಾನಕ್ಕೆ ಅರ್ಧ ಸುತ್ತೇ ಪೂರ್ತಿ ಸುತ್ತಾಗಿ ತೋರುತ್ತದೆ. ಡಬ್ಲ್ಯೂ ಅರ್ಸೆ ಮೇಜರಿಸ್‌ನ 8 ಗಂಟೆಗಳನ್ನು ಅದು 4 ಗಂಟೆಯೆಂದು ಓದಿದರೆ, ನಕ್ಷತ್ರ ನೇರವಾಗಿ ಡೆಲ್ಟಾ ಸ್ಕೂಟಿಗಳ ವ್ಯಾಪ್ತಿಗೆ ಬಂದು ಕೂರುತ್ತದೆ. ಇದನ್ನು ಬಿಡಿಸಲು ಒಂದು ಸೂಕ್ಷ್ಮವಿದೆ, ನನಗೆ ಇದರಷ್ಟು ಉಪಯೋಗಕ್ಕೆ ಬಂದ ಸೂತ್ರ ಇನ್ನೊಂದಿಲ್ಲ: ಜೋಡಿ ನಕ್ಷತ್ರದ ರೇಖೆಯಲ್ಲಿ ಶಿಖರ ಅಗಲವಾಗಿ ದುಂಡಗಿರುತ್ತದೆ, ತಗ್ಗು ಚೂಪಾಗಿರುತ್ತದೆ, ಮಿಡಿಯುವ ನಕ್ಷತ್ರದಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು, ಶಿಖರ ಚೂಪು ಮತ್ತು ತಗ್ಗು ಅಗಲ. ಜೊತೆಗೆ ತಗ್ಗಿನ ತಳವನ್ನು ಗಮನವಿಟ್ಟು ನೋಡಿ. ಆಳದಲ್ಲಿ ಸ್ವಲ್ಪ ಬೇರೆಯಾದ ಎರಡು ತಗ್ಗುಗಳು ಒಂದರ ಮೇಲೊಂದು ಬಿದ್ದಿದ್ದರೆ, ತಳದಲ್ಲಿ ಚುಕ್ಕೆಗಳು ಎರಡು ಪದರಗಳಾಗಿ ಸೀಳಿಕೊಂಡಿರುತ್ತವೆ. ಇಎ ಬಗೆಯಲ್ಲಿ ಈ ಸೀಳು ಇನ್ನೂ ಸ್ಪಷ್ಟ. ಇಂಥ ಗುರುತು ಕಂಡರೆ ಗ್ರಹಣಕಾರಿ ಎಂದು ಆರಿಸಿ. ಮುಂದಿನ ಪ್ರಶ್ನೆಯಲ್ಲಿ ಆವರ್ತಕಾಲ ಸರಿಯೇ ಎಂದು ಕೇಳಿದರೆ ಅರ್ಧವೆಂದು ತಿಳಿಸಿ. ಇದಕ್ಕೆ ವಿರುದ್ಧವಾಗಿ ಗರಗಸದ ಹಲ್ಲಿನಂಥ ಒಂದೇ ಆಕಾರ ಒಂದು ಸುತ್ತಿನೊಳಗೆ ಎರಡು ಮೂರು ಬಾರಿ ಮರುಕಳಿಸಿದ್ದರೆ, ತೋರಿಸಿದ ಆವರ್ತಕಾಲ ನಿಜವಾದುದರ ಎರಡು ಮೂರು ಪಟ್ಟು ಎಂದರ್ಥ.

ಎರಡನೆಯದು, ಮೂಲ ಮಿಡಿತಕ್ಕಿಂತ ಚುರುಕಾದ ಮೇಲಿನ ಸ್ವರದಲ್ಲಿ (ಓವರ್‌ಟೋನ್) ಮಿಡಿಯುವ ಆರ್‌ಆರ್ ಲೈರೇ. 0.2ರಿಂದ 0.4 ದಿನದ ಈ ನಕ್ಷತ್ರಗಳ ರೇಖೆ ಗರಗಸದ ಹಲ್ಲನ್ನು ಕಳೆದುಕೊಂಡು ಬಹುತೇಕ ಅಲೆಯಂತಾಗಿರುತ್ತದೆ.

ಮೂರನೆಯದು, ಕಲೆಗಳುಳ್ಳ ತಿರುಗುವ ನಕ್ಷತ್ರ. ಸಿಟಿಜನ್ ಅಸಾಸ್-ಎಸ್‌ಎನ್‌ನ ಸ್ವಯಂಸೇವಕರು ಈಗಾಗಲೇ ಗೊತ್ತಿದ್ದ ಚಂಚಲ ನಕ್ಷತ್ರಗಳ ಪೈಕಿ ಮಿಡಿಯುವವನ್ನು ಶೇಕಡ 89ರಷ್ಟು, ಗ್ರಹಣಕಾರಿ ಜೋಡಿಗಳನ್ನು ಶೇಕಡ 81ರಷ್ಟು ಸರಿಯಾಗಿ ಗುರುತಿಸಿದರೆ, ತಿರುಗುವ ನಕ್ಷತ್ರಗಳಲ್ಲಿ ಆ ಪ್ರಮಾಣ ಶೇಕಡ 49ಕ್ಕೆ ಇಳಿಯಿತು. ಇದು ಸ್ವಯಂಸೇವಕರ ಅಜಾಗರೂಕತೆಯಲ್ಲ. ಕಲೆಗಳು ಹುಟ್ಟುತ್ತವೆ, ಸರಿಯುತ್ತವೆ, ಅಳಿಯುತ್ತವೆ. ವರ್ಷಗಳ ಅಳತೆಗಳನ್ನು ಒಂದೇ ಸುತ್ತಿಗೆ ಮಡಿಸಿದಾಗ ರೇಖೆ ಮಸುಕಾಗುತ್ತದೆ. ಆ ಮಸುಕನ್ನೇ ಸುಳಿವಾಗಿ ಬಳಸಿಕೊಳ್ಳಿ: ಏರಿಳಿತ ಚಿಕ್ಕದು, ಪಟ್ಟಿ ದಪ್ಪ, ಆದರೂ ಒಟ್ಟು ಅಲೆ ನಿಸ್ಸಂದೇಹವಾಗಿದೆ ಎಂದಾದರೆ ತಿರುಗುವ ನಕ್ಷತ್ರವನ್ನು ಆರಿಸುವುದು ನ್ಯಾಯ. ಯೋಜನೆಯು ನಕ್ಷತ್ರದ ಬಣ್ಣವನ್ನು ತೋರಿಸುತ್ತಿದ್ದರೆ ಇನ್ನೂ ಒಳ್ಳೆಯದು. ಆರ್‌ಆರ್ ಲೈರೇ ಮತ್ತು ಡೆಲ್ಟಾ ಸ್ಕೂಟಿಗಳು ಸೂರ್ಯನಿಗಿಂತ ಬಿಸಿಯಾಗಿ ಬಿಳಿಯ ಕಡೆಗಿರುತ್ತವೆ. ದೊಡ್ಡ ಕಲೆಗಳಿರುವ ನಕ್ಷತ್ರಗಳು ಬಹುಮಟ್ಟಿಗೆ ತಂಪಾಗಿ ಕಿತ್ತಳೆ-ಕೆಂಪಿನ ಕಡೆಗಿರುತ್ತವೆ. ಬಣ್ಣವೂ ಇಲ್ಲ, ಆಕಾರವೂ ಮಾತನಾಡುತ್ತಿಲ್ಲ ಎಂದಾಗ ನಿಮಗೆ ಹೆಚ್ಚು ಸಂಭವನೀಯವೆಂದು ತೋರಿದ್ದನ್ನು ಒತ್ತಿ ಮುಂದೆ ಸಾಗಿ. ಒಂದೇ ರೇಖೆಯನ್ನು ಹಲವರು ನೋಡುತ್ತಾರೆ, ಅವರ ನಡುವಿನ ಭಿನ್ನಾಭಿಪ್ರಾಯವೂ ವಿಜ್ಞಾನಿಗೆ ಮಾಹಿತಿಯೇ.

ಇದೇ ಕಾರಣಕ್ಕಾಗಿ, ಉತ್ತರಿಸುವ ಮೊದಲು ನಕ್ಷತ್ರದ ಹೆಸರನ್ನು ಬೇರೆ ಕಡೆ ಹುಡುಕಬಾರದು, ಇತರರ ಅಭಿಪ್ರಾಯವನ್ನೂ ಓದಬಾರದು. ಹಲವು ಕಣ್ಣುಗಳು ಸ್ವತಂತ್ರವಾಗಿ ನೋಡಿದಾಗ ಮಾತ್ರ ಅವುಗಳ ಒಮ್ಮತಕ್ಕೆ ಬೆಲೆ. ಕೆಲವು ಯೋಜನೆಗಳಲ್ಲಿ ಒಂದೇ ನಕ್ಷತ್ರವನ್ನು ಬೇರೆ ಬೇರೆ ಆವರ್ತಕಾಲಗಳಿಗೆ ಮಡಿಸಿ ಬೇರೆ ಬೇರೆ ಹೊತ್ತಿನಲ್ಲಿ ತೋರಿಸುವುದೂ ಉಂಟು. ಹಿಂದೆ ನೋಡಿದ ನಕ್ಷತ್ರವೆಂದು ಗುರುತು ಹಿಡಿದರೂ ಕಣ್ಣೆದುರಿನ ರೇಖೆಗಷ್ಟೇ ಉತ್ತರಿಸಿ.

ಐದನೆಯ ಹಂತ: ಜಂಕ್ ಎನ್ನಲು ಹಿಂಜರಿಯದಿರುವುದು

ಹೊಸಬರು ಜಂಕ್ ಗುಂಡಿಯನ್ನು ಒತ್ತಲು ಅಂಜುತ್ತಾರೆ. ಎಲ್ಲಿ ಒಂದು ಅಮೂಲ್ಯ ನಕ್ಷತ್ರ ಕೈತಪ್ಪುವುದೋ ಎಂಬ ಭಯ. ಹುಸಿ ಏರಿಳಿತ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಈ ಅಂಜಿಕೆ ಹೋಗುತ್ತದೆ.

ಭೂಮಿಯ ಮೇಲಿನ ದೂರದರ್ಶಕ ರಾತ್ರಿ ಮಾತ್ರ ನೋಡುತ್ತದೆ. ಅಂದರೆ ದತ್ತಾಂಶದಲ್ಲಿಯೇ ಒಂದು ದಿನದ ತಾಳ ಬೆರೆತಿರುತ್ತದೆ. ಸಂಜೆಯಿಂದ ಬೆಳಗಿನವರೆಗೆ ನಕ್ಷತ್ರದ ಎತ್ತರ, ವಾಯುಮಂಡಲದ ದಪ್ಪ, ಉಪಕರಣದ ಉಷ್ಣತೆ ಎಲ್ಲವೂ ಬದಲಾಗುತ್ತವೆ, ಮರುರಾತ್ರಿ ಅದೇ ಕ್ರಮದಲ್ಲಿ ಮತ್ತೆ ಬದಲಾಗುತ್ತವೆ. ಆದ್ದರಿಂದ 1 ದಿನ, ಅದರ ಅರ್ಧ, ಮೂರನೆಯ ಒಂದು ಭಾಗ ಇವುಗಳಿಗೆ ತೀರ ಹತ್ತಿರವಾದ ಆವರ್ತಕಾಲಗಳನ್ನು ಅನುಮಾನದಿಂದಲೇ ನೋಡಬೇಕು. 29.5 ದಿನಗಳ ಸುಮಾರಿನದು ಚಂದ್ರನ ಬೆಳಕಿನ ಪ್ರಭಾವವಾಗಿರಬಹುದು. ಇಂಥ ರೇಖೆಗಳಲ್ಲಿ ಚುಕ್ಕೆಗಳು ಒಂದೆಡೆ ದಟ್ಟವಾಗಿ ಮುದ್ದೆಗಟ್ಟಿ, ಇನ್ನೊಂದೆಡೆ ಮೇಲಿನಿಂದ ಕೆಳಗಿನವರೆಗೆ ಖಾಲಿ ಪಟ್ಟಿಗಳು ಬಿದ್ದಿರುತ್ತವೆ, ಏಕೆಂದರೆ ಆ ಪ್ರಾವಸ್ಥೆ ಬರುವ ಹೊತ್ತಿನಲ್ಲಿ ಯಾವಾಗಲೂ ಹಗಲಾಗಿರುತ್ತದೆ. ಹಾಗೆಂದು ಖಾಲಿ ಪಟ್ಟಿ ಕಂಡ ಮಾತ್ರಕ್ಕೆ ಜಂಕ್ ಎನ್ನಬಾರದು; ಉಳಿದ ಭಾಗದಲ್ಲಿ ಅರ್ಧ ಗ್ರಹಣವೋ ಕಡಿದಾದ ಏರೋ ಸ್ಪಷ್ಟವಾಗಿದ್ದರೆ ಆಕಾರಕ್ಕೇ ಮನ್ನಣೆ.

ಇನ್ನೊಂದು ಮೂಲ ನೆರೆಯ ನಕ್ಷತ್ರ. ಆಕಾಶವನ್ನು ವಿಶಾಲವಾಗಿ ನೋಡುವ ಕ್ಯಾಮೆರಾಗಳ ಪಿಕ್ಸೆಲ್ ದೊಡ್ಡದು: ಸೂಪರ್‌ವಾಸ್ಪ್‌ನದು 13.7 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗ), ಅಸಾಸ್-ಎಸ್‌ಎನ್‌ನದು 8. ಅಷ್ಟು ಅಂತರದೊಳಗೆ ಎರಡು ಮೂರು ನಕ್ಷತ್ರಗಳು ಕೂಡಿಕೊಂಡರೆ, ಪಕ್ಕದ ಚಂಚಲ ನಕ್ಷತ್ರದ ಏರಿಳಿತ ನಿಶ್ಚಲ ನಕ್ಷತ್ರದ ಲೆಕ್ಕಕ್ಕೂ ಸೇರುತ್ತದೆ. ವರ್ಗೀಕರಣದ ಹಂತದಲ್ಲಿ ಇದನ್ನು ಪತ್ತೆಮಾಡುವುದು ನಿಮ್ಮ ಹೊಣೆಯಲ್ಲ. ಏರಿಳಿತ ನಿಜವಾದುದೇ, ನಕ್ಷತ್ರ ಮಾತ್ರ ಬೇರೆ. ಕಂಡ ಆಕಾರವನ್ನು ಹೇಳಿದರೆ ಸಾಕು.

ಬೇಸತ್ತ ಕಣ್ಣು ಎಲ್ಲವನ್ನೂ ಅಲೆಯಾಗಿ ನೋಡುತ್ತದೆ, ಇಲ್ಲವೇ ಎಲ್ಲವನ್ನೂ ಜಂಕ್ ಎಂದು ತಳ್ಳುತ್ತದೆ. ಒಂದೇ ಉತ್ತರವನ್ನು ಸತತವಾಗಿ ಹತ್ತು ಬಾರಿ ಒತ್ತಿದಿರಿ ಎಂದು ಅರಿವಾದಾಗ ಎದ್ದು ಹೋಗಿ. ಒಂದೇ ಕೂರಿಕೆಯಲ್ಲಿ ಇನ್ನೂರು ರೇಖೆಗಳನ್ನು ಮುಗಿಸುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಮಾಡುವುದು ದತ್ತಾಂಶಕ್ಕೂ ನಿಮಗೂ ಹಿತ.

ಆರನೆಯ ಹಂತ: ವಿಚಿತ್ರವಾದುದು ಕಂಡಾಗ

ಕೆಪ್ಲರ್ ದೂರದರ್ಶಕದ ದತ್ತಾಂಶದಲ್ಲಿ ಗ್ರಹಗಳನ್ನು ಹುಡುಕುತ್ತಿದ್ದ ‘ಪ್ಲಾನೆಟ್ ಹಂಟರ್ಸ್’ ಯೋಜನೆಯ ಸ್ವಯಂಸೇವಕರು ರಾಜಹಂಸ ರಾಶಿಯ ಕೆಐಸಿ 8462852 ಎಂಬ ನಕ್ಷತ್ರದಲ್ಲಿ ಯಾವ ತಾಳಕ್ಕೂ ಸಿಗದ, ಒಮ್ಮೊಮ್ಮೆ ಶೇಕಡ 20ನ್ನೂ ಮೀರಿದ ಮಂಕನ್ನು ಗಮನಿಸಿದರು. 2015ರಲ್ಲಿ ಈ ಶೋಧ ಜಗತ್ತಿನ ಗಮನ ಸೆಳೆಯಿತು. ಮುಂದಿನ ವೀಕ್ಷಣೆಗಳಲ್ಲಿ ನೀಲಿ ಬೆಳಕು ಕೆಂಪಿಗಿಂತ ಹೆಚ್ಚು ತಗ್ಗುವುದು ಕಂಡು, ಧೂಳೇ ಕಾರಣವಿರಬೇಕೆಂಬ ಅಭಿಪ್ರಾಯ ಬಲಗೊಂಡಿತು. ನಿಯತವಾಗಿ ಮರುಕಳಿಸುವ ತಗ್ಗುಗಳನ್ನು ಹುಡುಕುವಂತೆ ರೂಪಿಸಿದ ಪ್ರೋಗ್ರಾಂ ಇಂಥದನ್ನು ದಾಟಿ ಹೋಗುತ್ತದೆ. ಮನುಷ್ಯನ ಕಣ್ಣು ತಡೆದು ನಿಲ್ಲುತ್ತದೆ. ಯಂತ್ರಗಳು ಎಷ್ಟು ಮುಂದುವರಿದರೂ ಸ್ವಯಂಸೇವಕರ ಅಗತ್ಯ ಏಕಿದೆ ಎಂದು ಕೇಳುವವರಿಗೆ ನಾನು ಕೊಡುವ ಉದಾಹರಣೆ ಇದು.

ಆದ್ದರಿಂದ ‘ಅಜ್ಞಾತ’ ಎಂಬ ಆಯ್ಕೆಯನ್ನು ಜಂಕ್‌ನೊಂದಿಗೆ ಬೆರೆಸಬೇಡಿ. ಏರಿಳಿತ ನಿಸ್ಸಂದೇಹವಾಗಿದ್ದು ಆಕಾರ ಮಾತ್ರ ಯಾವ ಮಾದರಿಗೂ ಹೊಂದುವುದಿಲ್ಲವೆಂದಾಗ ಮಾತ್ರ ಅದು ಸಲ್ಲುತ್ತದೆ. ಉತ್ತರ ಸಲ್ಲಿಸಿದ ಮೇಲೆ ಚರ್ಚಾ ವಿಭಾಗದಲ್ಲಿ ಆ ರೇಖೆಯ ಬಗ್ಗೆ ಬರೆಯಿರಿ. ‘ವಿಚಿತ್ರವಾಗಿದೆ’ ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. ‘ಎರಡು ತಗ್ಗುಗಳ ನಡುವಿನ ಅಂತರ ಅರ್ಧ ಸುತ್ತಿಗೆ ಸಮವಾಗಿಲ್ಲ, ಎರಡನೆಯದು 0.62ರ ಸುಮಾರಿಗೆ ಬಿದ್ದಿದೆ’ ಎಂದು ಬರೆದರೆ, ಕಕ್ಷೆ ದೀರ್ಘವೃತ್ತವಾಗಿದೆಯೆಂದು ಓದಿದ ವಿಜ್ಞಾನಿಗೆ ತಕ್ಷಣ ಹೊಳೆಯುತ್ತದೆ.

ಏಳನೆಯ ಹಂತ: ವರ್ಗೀಕರಣದ ಆಚೆಗೆ

ಒಂದು ನಕ್ಷತ್ರ ನಿಮ್ಮನ್ನು ಹಿಡಿದಿಟ್ಟಿತು ಎನ್ನಿ. ಉತ್ತರ ಸಲ್ಲಿಸಿಯಾದ ಮೇಲೆ ಅದರ ಬೆನ್ನು ಹತ್ತಲು ಅಡ್ಡಿಯಿಲ್ಲ. ಸೂಪರ್‌ವಾಸ್ಪ್ ನಕ್ಷತ್ರಗಳ ಗುರುತಿನಲ್ಲಿ ಬರುವ ಉದ್ದನೆಯ ಅಂಕಿಗಳೇ ಆಕಾಶದಲ್ಲಿನ ಸ್ಥಾನ: ಮೊದಲು ವಿಷುವದಂಶ (ರೈಟ್ ಅಸೆನ್ಶನ್), ಬಳಿಕ ಘಂಟಾವೃತ್ತಾಂಶ (ಡೆಕ್ಲಿನೇಶನ್). ಆ ಸ್ಥಾನವನ್ನು ವಿಎಸ್‌ಎಕ್ಸ್‌ನಲ್ಲಿ ಹುಡುಕಿ. ಇದು ಅಮೆರಿಕದ ಚಂಚಲ ನಕ್ಷತ್ರ ವೀಕ್ಷಕರ ಸಂಘವಾದ, 1911ರಲ್ಲಿ ಸ್ಥಾಪನೆಯಾದ ಎಎವಿಎಸ್‌ಒ ನಿರ್ವಹಿಸುವ ಅಂತರರಾಷ್ಟ್ರೀಯ ಸೂಚಿ. ಸ್ಟ್ರಾಸ್‌ಬರ್ಗ್‌ನ ಸಿಂಬಾಡ್ ದತ್ತಕೋಶದಲ್ಲೂ ನೋಡಿ. ಒಂದೆರಡು ಪಿಕ್ಸೆಲ್‌ಗಳಷ್ಟು ಅಂತರದೊಳಗೆ ಅದೇ ಆವರ್ತಕಾಲದ, ಅಥವಾ ಅದರ ಇಮ್ಮಡಿ ಆವರ್ತಕಾಲದ ಬೇರೆ ನಕ್ಷತ್ರ ಈಗಾಗಲೇ ದಾಖಲಾಗಿದ್ದರೆ ನೀವು ಕಂಡದ್ದು ಬಹುಶಃ ಅದರ ಬೆಳಕನ್ನೇ. ನೆರೆಹೊರೆ ಹೇಗಿದೆ ಎಂದು ಅಲಾಡಿನ್ ಎಂಬ ಆಕಾಶ ನಕ್ಷೆಯಲ್ಲಿ ಕಣ್ಣಾರೆ ನೋಡಬಹುದು.

ನಂತರ ಇನ್ನೊಂದು ಮೂಲದ ದತ್ತಾಂಶ ತೆಗೆದುಕೊಳ್ಳಿ. ಅಸಾಸ್-ಎಸ್‌ಎನ್‌ನ ಅಳತೆಗಳು ಸಾರ್ವಜನಿಕ. 2018ರಲ್ಲಿ ಹಾರಿದ ಟೆಸ್ ಉಪಗ್ರಹ ಆಕಾಶದ ಒಂದೊಂದು ತುಂಡನ್ನು ಸುಮಾರು 27 ದಿನ ಬಿಡದೆ ನೋಡುವುದರಿಂದ ಅದರಲ್ಲಿ ಹಗಲು-ರಾತ್ರಿಯ ತಾಳದ ತೊಂದರೆಯಿಲ್ಲ. ಆದರೆ ಅದರ ಪಿಕ್ಸೆಲ್ 21 ಆರ್ಕ್‌ಸೆಕೆಂಡ್ ಇರುವುದರಿಂದ ನೆರೆಯ ನಕ್ಷತ್ರದ ತೊಂದರೆ ಹೆಚ್ಚು. ಎಎವಿಎಸ್‌ಒದ ಉಚಿತ ‘ವಿಸ್ಟಾರ್’ ತಂತ್ರಾಂಶದಲ್ಲಿ ಆವರ್ತಕಾಲವನ್ನು ನೀವೇ ಹುಡುಕಿ, ಮಡಿಸಿ, ಅರ್ಧಕ್ಕೂ ಇಮ್ಮಡಿಗೂ ಮಡಿಸಿ ನೋಡಿ. ಎರಡು ಸ್ವತಂತ್ರ ದತ್ತಾಂಶಗಳು ಒಂದೇ ಆವರ್ತಕಾಲ ಕೊಟ್ಟವು, ಸೂಚಿಯಲ್ಲಿ ಆ ನಕ್ಷತ್ರವಿಲ್ಲ ಎಂದಾದರೆ ಅದನ್ನು ವಿಎಸ್‌ಎಕ್ಸ್‌ಗೆ ಸಲ್ಲಿಸಬಹುದು. ಸ್ಥಾನ, ಗರಿಷ್ಠ ಮತ್ತು ಕನಿಷ್ಠ ಕಾಂತಿಮಾನ, ಬಗೆ, ಆವರ್ತಕಾಲ, ಎಣಿಕೆಯ ಆರಂಭಕಾಲ ಮತ್ತು ಮಡಿಸಿದ ರೇಖೆಯ ಚಿತ್ರ ಸಿದ್ಧವಿರಲಿ. ಪರಿಶೀಲಕರು ಪ್ರಶ್ನೆಗಳೊಂದಿಗೆ ಮರಳಿಸಬಹುದು; ಅದನ್ನು ನಿರಾಕರಣೆಯೆಂದು ಭಾವಿಸಬೇಡಿ. ಅವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೇಲೆ ಹೇಳಿದ ಎರಡೇ ಸಂಗತಿಗಳನ್ನು ಕುರಿತವು: ಆವರ್ತಕಾಲ ಅರ್ಧವಾಗಿದೆಯೇ, ನಕ್ಷತ್ರ ಪಕ್ಕದ್ದೇ.

ಪರದೆಯ ಮೇಲಿನ ಕೆಲಸದ ಜೊತೆಗೆ ಒಂದಾದರೂ ಕಾಂತಿರೇಖೆಯನ್ನು ಸ್ವಂತ ಕಣ್ಣಿನಿಂದ ರಚಿಸಬೇಕೆಂಬುದು ನನ್ನ ಬಲವಾದ ಸಲಹೆ. ಯುಧಿಷ್ಠಿರ ಅಥವಾ ಸೆಫಿಯಸ್ ರಾಶಿಯ ಡೆಲ್ಟಾ ನಕ್ಷತ್ರ ಇದಕ್ಕೆ ಹೇಳಿ ಮಾಡಿಸಿದಂತಿದೆ, 3.5 ಮತ್ತು 4.4 ಕಾಂತಿಮಾನಗಳ ನಡುವೆ ಏರಿಳಿಯುವ ಅದು ಕತ್ತಲೆಯ ಆಕಾಶದಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಅದರ ಪಕ್ಕದಲ್ಲೇ ಇರುವ ಝೀಟಾ 3.4, ಎಪ್ಸಿಲಾನ್ 4.2. ಪ್ರತಿ ರಾತ್ರಿ ಡೆಲ್ಟಾ ಇವೆರಡಕ್ಕೆ ಹೋಲಿಸಿದರೆ ಎಲ್ಲಿ ನಿಲ್ಲುತ್ತದೆ ಎಂದು ಅಂದಾಜಿಸಿ, ಹೊತ್ತಿನೊಂದಿಗೆ ಬರೆದಿಡಿ. ಹಿಂದಿನ ರಾತ್ರಿಯ ಅಂಕಿಯನ್ನು ನೋಡಿ ಬರೆಯಬೇಡಿ. ಇಪ್ಪತ್ತು ಇಪ್ಪತ್ತೈದು ಅಳತೆಗಳಾದ ಮೇಲೆ, ಮೊದಲ ವೀಕ್ಷಣೆಯಿಂದ ಕಳೆದ ದಿನಗಳನ್ನು 5.366ರಿಂದ ಭಾಗಿಸಿ, ಪೂರ್ಣಾಂಕವನ್ನು ಬಿಟ್ಟು, ಉಳಿದ ಭಾಗಕ್ಕೆ ಎದುರಾಗಿ ಕಾಂತಿಮಾನವನ್ನು ಗುರುತಿಸಿ. ಒಂದೂವರೆ ದಿನದ ಸುಮಾರಿನ ಏರು, ನಾಲ್ಕು ದಿನಗಳಿಗೆ ಹತ್ತಿರದ ಇಳಿತ ನಿಮ್ಮದೇ ಅಂಕಿಗಳಿಂದ ಕಾಗದದ ಮೇಲೆ ಮೂಡುತ್ತದೆ.